ಅಂಕಯ್ಯ ಕಟ್ಟಿದ ದೋಣಿ

ಕಟ್ಟೆಯ ನೀರು ಏರಿ ಹಳೆಯ ಊರು ಮುಳುಗಿದ ಮೇಲೆ ತಿಮ್ಮಮ್ಮನ ಮನೆಯವರು ಉಳಿದವರ ಜೊತೆ ದಿಬ್ಬದ ಮೇಲಿನ ಹೊಸ ಊರಿಗೆ ಬಂದರು. ಮನೆ ಈಚೆಗೆ ಬಂತು, ಒಳ್ಳೆಯ ಹೊಲ ಆಚೆಗೆ ಉಳಿಯಿತು, ನಡುವೆ ಕೃಷ್ಣರಾಜಸಾಗರದ ಹಿನ್ನೀರು. ಸುತ್ತಿ ನಡೆದರೆ ಬೆಳಿಗ್ಗೆ ಹೊರಟವರು ಮಧ್ಯಾಹ್ನಕ್ಕೆ ಹೊಲ ಮುಟ್ಟಬೇಕು. ನೀರಿನ ಮೇಲಾದರೆ ಬಾಯಿಗೆ ಹಾಕಿದ ಎಲೆಯಡಿಕೆ ಮುಗಿಯುವುದರೊಳಗೆ ಆಚೆ ದಡ.

ತಿಮ್ಮಮ್ಮನ ಗಂಡ ಆಗ ಇನ್ನೂ ಬದುಕಿದ್ದ. ಹಳೆಯ ಮನೆಯಿಂದ ಬಿಚ್ಚಿ ತಂದಿದ್ದ ಹೊನ್ನೆ ಮರದ ಹಲಗೆಗಳನ್ನು ಆಚಾರಿಯ ಮುಂದೆ ಹಾಕಿ ಅವನು ಒಂದು ದೋಣಿ ಮಾಡಿಸಿದ. ಆಚಾರಿ ಹಲಗೆ ಕೂಡಿಸುವಾಗ ಪಕ್ಕದಲ್ಲಿ ಕೂತು ಕೈಗೆ ಉಳಿ ಸುತ್ತಿಗೆ ಕೊಡುತ್ತಿದ್ದವನು ಕಿರಿಯ ಮಗ ಅಂಕಯ್ಯ. ಅಪ್ಪ ಸತ್ತ ಮೇಲೆ ದೋಣಿಯ ಚಾಕರಿಯೆಲ್ಲ ಅವನ ಪಾಲಿಗೆ ಬಂತು. ಯಾರೂ ಹಾಗೆಂದು ಹಂಚಿಕೊಟ್ಟದ್ದಲ್ಲ. ಹಿರಿಯವನಾದ ಲಿಂಗಯ್ಯನಿಗೆ ಊರ ನ್ಯಾಯ, ಸಂತೆ, ನೆಂಟರಿಷ್ಟರ ವ್ಯವಹಾರ ಬಂದ ಹಾಗೆ ಅಂಕಯ್ಯನಿಗೆ ದೋಣಿ ಬಂತು.

ದೋಣಿ ಇಟ್ಟುಕೊಳ್ಳುವುದು ಎತ್ತು ಸಾಕುವುದಕ್ಕಿಂತ ಕಷ್ಟ ಎಂದು ಅಂಕಯ್ಯ ಹೇಳುತ್ತಿದ್ದ. ಎತ್ತು ಹಸಿದರೆ ಅಂಬಾ ಎನ್ನುತ್ತದೆ, ದೋಣಿಗೆ ಬಾಯಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದ ಹಾಗೆಲ್ಲ ಗೂಟ ಕಿತ್ತುಕೊಂಡು ನೀರಿನ ಹಿಂದೆಯೇ ಇಳಿಯಬೇಕು. ಇಲ್ಲದಿದ್ದರೆ ದೋಣಿ ಕೆಸರ ಮೇಲೆ ಕೂತು, ಬಿಸಿಲಿಗೆ ಹಲಗೆ ಬಿರಿಯುತ್ತದೆ. ಮಳೆಗಾಲದಲ್ಲಿ ನೀರು ಏರುವಾಗ ಹಗ್ಗ ಮೋಟಾದರೆ ದೋಣಿ ಮೂತಿ ಮುಂದಾಗಿ ಮುಳುಗುತ್ತದೆ, ಉದ್ದವಾದರೆ ಗಾಳಿಗೆ ತಿರುಗಿ ಬಂಡೆಗೆ ಬಡಿಯುತ್ತದೆ. ದಿನವೂ ಒಳಗಿನ ನೀರು ಮೊಗೆದು ಚೆಲ್ಲಬೇಕು. ವರ್ಷಕ್ಕೊಮ್ಮೆ ದಡಕ್ಕೆ ಎಳೆದು, ಮಗುಚಿ ಹಾಕಿ, ಸಂದಿಗಳಿಗೆ ಸೆಣಬು ತುರುಕಿ, ಹೊಂಗೆ ಎಣ್ಣೆಯಲ್ಲಿ ರಾಳ ಕಾಯಿಸಿ ಬಳಿಯಬೇಕು. ನೀರು ಮೊಗೆಯುವ ಕೆಲಸ ಅಂಕಯ್ಯನ ಹೆಂಡತಿ ಸುಂದ್ರಮ್ಮನದು. ಅವರಿಗೆ ಮಕ್ಕಳಿರಲಿಲ್ಲ. ಲಿಂಗಯ್ಯನ ಒಬ್ಬಳೇ ಮಗಳು ಪುಟ್ಟಮಾದಮ್ಮ ಹುಟ್ಟಿದಾಗಿನಿಂದ ಚಿಕ್ಕಪ್ಪನ ಹಿಂದೆ ದೋಣಿಯಲ್ಲೇ ಬೆಳೆದವಳು.

ಊರವರು ದೋಣಿ ಹತ್ತಿ ಇಳಿಯುವ ದೋಣಿಕಡದಲ್ಲಿ ಸ್ವಂತ ದೋಣಿ ಕಟ್ಟುತ್ತಿದ್ದವರು ಇನ್ನೂ ಕೆಲವರಿದ್ದರು. ಅಂಕಯ್ಯನ ಪಕ್ಕದ ಗೂಟ ಸಣ್ಣಬೀರಯ್ಯನದು, ಇಬ್ಬರೂ ಒಂದೇ ವಾರಿಗೆಯವರು. ಜನರನ್ನು ದಾಟಿಸಿ ಕೂಲಿ ತೆಗೆದುಕೊಳ್ಳುವ ಹಕ್ಕು ಮಾತ್ರ ಗುತ್ತಿಗೆದಾರ ಮಂಚಯ್ಯನಿಗೆ ಸೇರಿತ್ತು. ಮಿರ್ಲೆ ಕಡೆಯಿಂದ ಬಂದು ಹಿನ್ನೀರಿನ ಮೇಲ್ಗಡೆಯ ಊರಲ್ಲಿ ನೆಲೆಸಿದ್ದ ಅವನು ಅಲ್ಲಿಯ ಕಡವನ್ನೂ ಇಲ್ಲಿಯದನ್ನೂ ಹರಾಜಿನಲ್ಲಿ ಹಿಡಿದಿದ್ದ. ಸ್ವಂತ ದೋಣಿಯವರು ಅಕ್ಕಪಕ್ಕದವರನ್ನು ಸುಮ್ಮನೆ ಕೂರಿಸಿಕೊಂಡು ಹೋಗುವುದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಅದರಲ್ಲೂ ಅಂಕಯ್ಯ ಯಾರು ಕರೆದರೂ ಇಲ್ಲವೆನ್ನುತ್ತಿರಲಿಲ್ಲ. ಬಸುರಿಯರು, ಹುಲ್ಲಿನ ಹೊರೆಯವರು, ಆಡು ಮೇಯಿಸುವವರು ಎಲ್ಲರೂ ಅವನ ದೋಣಿಗೇ ಕಾಯುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ದೋಣಿ ಮಗುಚುವ ಹೊತ್ತಿಗೆ ಮನೆಯಲ್ಲಿ ಎಣ್ಣೆಯ ಜಗಳ ಎದ್ದಿತು. ಲಿಂಗಯ್ಯನ ಹೆಂಡತಿ ಚಿಕ್ಕಬೀರಮ್ಮ ಹೊಂಗೆ ಎಣ್ಣೆಯ ಮಡಕೆಯನ್ನು ಅಟ್ಟದ ಮೇಲೆ ಇಟ್ಟು ಏಣಿ ತೆಗೆದುಬಿಟ್ಟಳು. ಮಗಳನ್ನು ನೋಡಲು ಜನ ಬರುವ ಕಾಲ, ಮನೆಯಲ್ಲಿ ದೀಪ ಉರಿಯಬೇಕೋ ಬೇಡವೋ ಎಂದು ಅತ್ತೆಯ ಹತ್ತಿರ ದೂರಿದಳು. ಅಂಕಯ್ಯ ಗೋಡೆ ಹತ್ತಿ ಎಣ್ಣೆ ಇಳಿಸಿಕೊಂಡ.

ಹೊರಗೆ ಜಗಲಿಯ ಮೇಲೆ ಕೂತಿದ್ದ ಲಿಂಗಯ್ಯ ಅದನ್ನು ನೋಡಿ ನಗುತ್ತಲೇ ಹೇಳಿದ: "ಈ ವರ್ಸ ಬಳೀದಿದ್ರೂ ನಡೀತದೆ ಬುಡ್ಲಾ. ಅಷ್ಟೊಂದು ಯಾಕೆ ಒದ್ದಾಡ್ತೀಯ?"

"ತಳದಲ್ಲಿ ಒಂದು ಅಲಗೆ ಬಿಟ್ಕೊಂಡದೆ ಕಣಣ್ಣ. ಅಂಗೇ ಬಿಟ್ರೆ ಮಳೇಲಿ ನೀರು ತುಂಬ್ಕೋತದೆ," ಎಂದ ಅಂಕಯ್ಯ.

ಆ ಹಲಗೆಯ ಮೇಲೆ ತಗಡಿನ ತೇಪೆ ಹಾಕಿ, ಸುತ್ತ ಮೊಳೆ ಬಡಿದು, ರಾಳ ಬಳಿದು ಅವನು ದೋಣಿಯನ್ನು ಮತ್ತೆ ನೀರಿಗೆ ಬಿಟ್ಟ. ಸುಂದ್ರಮ್ಮ ಎರಡೂ ಹೊತ್ತಿನ ಹಿಟ್ಟು ದೋಣಿಕಡಕ್ಕೇ ತಂದುಕೊಟ್ಟಿದ್ದಳು. ರಾಳದ ಕಪ್ಪು ಹತ್ತಿದ ಕೈಯಲ್ಲೇ ಮುದ್ದೆ ಮುರಿಯುತ್ತ ಅವನು, ಇನ್ನು ಒಂದು ವರ್ಷ ಇದರ ಚಿಂತೆ ಇಲ್ಲ ಎಂದ.

ಪುಟ್ಟಮಾದಮ್ಮನಿಗೆ ಬಂದ ಗಂಡು ಮಂಚಯ್ಯನ ಮಗನೇ. ಮನೆಯವರಿಗೆಲ್ಲ ಆಶ್ಚರ್ಯವಾಯಿತು. ಎರಡು ಕಡದ ಗುತ್ತಿಗೆ, ಹೆಂಚಿನ ಮನೆ, ಗಾಡಿ ಎತ್ತು ಇರುವವರು ತಾವಾಗಿಯೇ ಬಂದು ಹೆಣ್ಣು ಕೇಳಿದ್ದರು. ಹುಡುಗ ನೋಡಲು ಚೆನ್ನಾಗಿದ್ದ, ಮಾತು ಕಡಿಮೆ. ಹುಡುಗಿಯ ಮನಸ್ಸಿನಲ್ಲೂ ಬೇಡವೆಂಬುದು ಇರಲಿಲ್ಲ. ತಾನೊಬ್ಬನೇ ಹೋಗಿ ಮಂಚಯ್ಯನ ಹತ್ತಿರ ಮಾತಾಡಿ ಬರುತ್ತೇನೆಂದು ಲಿಂಗಯ್ಯ ಎರಡು ಸಲ ಮೇಲಿನ ಊರಿಗೆ ಹೋಗಿಬಂದ. ಎರಡನೆಯ ಸಲ ಬಂದವನು ಅವ್ವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದ. ಮದುವೆ ಶ್ರಾವಣಕ್ಕೆ ನಿಂತಿತು. ಅಂದಿನ ಸಂಜೆ ತಿಮ್ಮಮ್ಮ ಕಿರಿಯ ಮಗನ ಮುದ್ದೆಯ ಮೇಲೆ ಕೇಳದೆಯೇ ತುಪ್ಪ ಹಾಕಿದಳು.

ಆಷಾಢ ಹುಟ್ಟಿತು. ಕೊಡಗಿನ ಕಡೆ ಮಳೆ ಹಿಡಿದು ಹಿನ್ನೀರು ಕೆಂಪಾಗಿ ಏರತೊಡಗಿತು. ಮದುವೆಯ ದಿನವನ್ನು ಬಿಳಿಕೆರೆಯ ಸೋದರತ್ತೆಗೆ ತಿಳಿಸಿ ಬರಬೇಕೆಂದು ಲಿಂಗಯ್ಯ ತಮ್ಮನನ್ನು ಹೊರಡಿಸಿದ. ಅಂಕಯ್ಯ, ನೀರು ಏರುವ ಹೊತ್ತು, ದೋಣಿಯನ್ನು ದಡಕ್ಕೆ ಎಳೆದುಹಾಕಿ ಹೋಗುತ್ತೇನೆ ಎಂದ. ತಿಮ್ಮಮ್ಮ ಬುತ್ತಿಯ ಗಂಟು ಅವನ ಕೈಗೆ ಕೊಟ್ಟು ತಡೆದಳು.

"ಮಳೆ ಬರೋದ್ರೊಳಗೆ ಒರಡು ಮಗ. ಅದನ್ನ ಎಳೀತಾ ಕೂತ್ರೆ ಒತ್ತಾಯ್ತದೆ. ಕಟ್ಟಿದ ದೋಣಿ ಎಲ್ಲಿಗೆ ಓಯ್ತದೆ?"

ಆದರೂ ಅವನು ದೋಣಿಕಡಕ್ಕೆ ಓಡಿಹೋಗಿ, ಏರುವ ನೀರಿಗೆ ಬೇಕಾದಷ್ಟು ಹಗ್ಗ ಬಿಟ್ಟು, ಗೂಟಕ್ಕೆ ಇನ್ನೊಂದು ಗಂಟು ಹಾಕಿ ಹೊರಟ. ಬಿಳಿಕೆರೆಯಲ್ಲಿ ಮಳೆ ಜೋರಾಗಿ ಸೋದರತ್ತೆ ಅವನನ್ನು ಉಳಿಸಿಕೊಂಡಳು. ಮಾರನೆಯ ದಿನ ಮಧ್ಯಾಹ್ನ ಅವನು ಊರಿಗೆ ಬಂದಾಗ ದೋಣಿಕಡದಲ್ಲಿ ಜನ ಸೇರಿತ್ತು. ಗೂಟ ಇತ್ತು. ದೋಣಿ ಇರಲಿಲ್ಲ, ಹಗ್ಗವೂ ಇರಲಿಲ್ಲ.

ನಿನ್ನೆ ಸಂಜೆ ನಾನೇ ಬಂದು ನೋಡಿದ್ದೆ, ಇತ್ತು, ಬೆಳಿಗ್ಗೆ ಬಂದರೆ ಹೀಗೆ ಎಂದು ಲಿಂಗಯ್ಯ ಎಲ್ಲರಿಗೂ ಹೇಳುತ್ತಿದ್ದ. ಅಂಕಯ್ಯ ಗೂಟವನ್ನು ಹಿಡಿದು ಅಲ್ಲಾಡಿಸಿ ನೋಡಿದ. ಅದು ಗಟ್ಟಿಯಾಗಿತ್ತು.

"ಅಗ್ಗ ಕಿತ್ತಿದ್ರೆ ತುಂಡು ಇಲ್ಲಿರ್ಬೇಕಿತ್ತಲ್ಲಣ್ಣ," ಎಂದ.

"ಗಂಟು ಬಿಚ್ಕೊಂಡದೆ. ಅವಸರದಲ್ಲಿ ಕಟ್ಟಿದ್ದೆ ನೀನು."

"ನನ್ನ ಗಂಟು ನೆನೆದ್ರೆ ಬಿಗೀತದೆ, ಬಿಚ್ಕೊಳಲ್ಲ."

"ಅಂಗಾರೆ ರೆಕ್ಕೆ ಬಂದು ಆರೋಯ್ತೇನ್ಲಾ?"

ಜನ ನಕ್ಕರು. ಸಣ್ಣಬೀರಯ್ಯ ಮಾತ್ರ ನಗಲಿಲ್ಲ. ಅವನು ತನ್ನ ದೋಣಿಯ ಹಗ್ಗ ಬಿಚ್ಚುತ್ತ ಆಚೆ ಮುಖ ಮಾಡಿಕೊಂಡಿದ್ದ.

ಅಂಕಯ್ಯ ಅವನನ್ನೇ ಕರೆದುಕೊಂಡು ಅವನ ದೋಣಿಯಲ್ಲಿ ಕೆಳಗಿನ ದಡವನ್ನೆಲ್ಲ ಹುಡುಕಿದ. ಮುಳುಗಿದ ಊರಿನ ಹುಣಸೆಮರಗಳ ತುದಿ ಇನ್ನೂ ನೀರಿನ ಮೇಲೆ ಕಾಣುತ್ತಿತ್ತು. ಅಲ್ಲೆಲ್ಲಾದರೂ ಸಿಕ್ಕಿಕೊಂಡಿರಬಹುದೆಂದು ನೋಡಿದ. ಮೀನು ಹಿಡಿಯುವವರನ್ನು ಕೇಳಿದ. ಯಾರೂ ನೋಡಿರಲಿಲ್ಲ. ಸಣ್ಣಬೀರಯ್ಯ ತಲೆ ಬಗ್ಗಿಸಿ ಹುಟ್ಟು ಹಾಕುತ್ತಲೇ ಇದ್ದ.

ಸಂಜೆ ಊಟಕ್ಕೆ ಕೂತಾಗ ತಿಮ್ಮಮ್ಮ, ದಡಕ್ಕೆ ಎಳೆದು ಹಾಕಿ ಹೋಗು ಎಂದು ತಾನು ಹೇಳಿದ್ದೆ, ಇವನು ಕೇಳಲಿಲ್ಲ ಎಂದಳು. ಅಂಕಯ್ಯ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ.

"ನೀನೇ ಒರಡು ಅಂದಿದ್ದು ಕಣವ್ವ."

"ನಾನೆಲ್ಲಂದೆ? ನಿಂಗೆ ನೆಪ್ಪಿಲ್ಲ."

ಅವ್ವನಿಗೆ ವಯಸ್ಸಾಯಿತು, ಮರೆತಿದ್ದಾಳೆ ಎಂದುಕೊಂಡು ಅಂಕಯ್ಯ ತುತ್ತು ಬಾಯಿಗಿಟ್ಟ. ಸುಂದ್ರಮ್ಮ ಒಲೆಯ ಹತ್ತಿರದಿಂದ ಅತ್ತೆಯ ಮುಖ ನೋಡಿದಳು. ಬುತ್ತಿ ಕಟ್ಟಿಕೊಟ್ಟಾಗ ಅವಳೂ ಬಾಗಿಲಲ್ಲೇ ಇದ್ದಳು. ಅವಳು ಒಲೆಗೆ ಇನ್ನೊಂದು ಸೌದೆ ತಳ್ಳಿದಳು.

ಆಮೇಲಿನ ವಾರಗಳು ಕೆಟ್ಟವು. ಆಚೆ ಹೊಲದಲ್ಲಿ ರಾಗಿ ಪೈರು ಎದ್ದಿತ್ತು, ಕಳೆ ತೆಗೆಯುವ ಹೊತ್ತು. ಮಂಚಯ್ಯನ ದೋಣಿ ಜನ ತುಂಬುವವರೆಗೆ ಹೊರಡುತ್ತಿರಲಿಲ್ಲ. ಗೊಬ್ಬರದ ಮಂಕರಿ ಹತ್ತಿಸಿದರೆ ವಾಸನೆ ಎಂದು ಇಳಿಸುತ್ತಿದ್ದರು. ಸುಂದ್ರಮ್ಮ ಬೆಳಗಿನ ಹಿಟ್ಟು ಕಟ್ಟಿಕೊಂಡು ಹೋದರೆ ಹೊಲ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು, ಕೊನೆಯ ದೋಣಿ ತಪ್ಪಬಾರದೆಂದು ಬೇಗನೆ ಕೈ ತೊಳೆಯಬೇಕಾಗುತ್ತಿತ್ತು. ಕಾವಲಿಲ್ಲದ ಹೊಲಕ್ಕೆ ಹಂದಿ ನುಗ್ಗಿ ಒಂದು ಮೂಲೆಯನ್ನು ಉತ್ತು ಹಾಕಿದವು. ಅಂಕಯ್ಯ ಅಲ್ಲೇ ಗುಡಿಸಲು ಹಾಕಿಕೊಂಡು ಉಳಿಯುತ್ತೇನೆಂದ. ಮದುವೆಯ ಕೆಲಸಕ್ಕೆ ಯಾರು, ಸೌದೆ ಒಡೆಯುವವರು ಯಾರು ಎಂದು ಲಿಂಗಯ್ಯ ಬಿಡಲಿಲ್ಲ.

ಚಿಕ್ಕಬೀರಮ್ಮನ ಮಾತು ದಿನವೂ ಊಟದ ಹೊತ್ತಿಗೇ ಬರುತ್ತಿತ್ತು. ಸಾರು ಬಡಿಸುತ್ತ, ಮೊದಲಾದರೆ ಆಚೆಯಿಂದ ಸೊಪ್ಪು ತರಕಾರಿ ಬರುತ್ತಿತ್ತು, ಈಗ ಬರಿಯ ಹುರುಳಿಕಟ್ಟು, ದೋಣಿ ಕಳೆದವರ ಪುಣ್ಯ ಎನ್ನುತ್ತಿದ್ದಳು. ಸುಂದ್ರಮ್ಮ ಎದುರು ಮಾತಾಡಿದರೆ ಅಂಕಯ್ಯ ಕಣ್ಣಲ್ಲೇ ತಡೆಯುತ್ತಿದ್ದ. ಅವನು ಅಣ್ಣನ ಪಕ್ಕ ಕೂರುವುದನ್ನು ಬಿಟ್ಟ. ಎಲ್ಲರದೂ ಆದ ಮೇಲೆ ಬಂದು, ಬಾಗಿಲ ಹತ್ತಿರ ಕೂತು, ಇದ್ದುದನ್ನು ಉಂಡು ಏಳುತ್ತಿದ್ದ. ದೋಣಿಕಡಕ್ಕೆ ಹೋದರೆ ಅಲ್ಲಿಯ ಹೆಂಗಸರು, ಅಂಕಯ್ಯಣ್ಣ ಗಂಟು ಹಾಕಿದರೆ ಕೋಳಿಯೂ ಬಿಚ್ಚಿಕೊಂಡು ಹೋಗುತ್ತದಂತೆ ಎಂದು ನಗೆಯಾಡುತ್ತಿದ್ದರು. ಅವನ ದೋಣಿಯಲ್ಲೇ ಎಷ್ಟೋ ಸಲ ದಾಟಿದವರು ಅವರು.

ಆಷಾಢ ಮುಗಿಯುವುದರೊಳಗೆ ಸಣ್ಣಬೀರಯ್ಯ ತನ್ನ ದೋಣಿಯನ್ನು ಮಂಚಯ್ಯನಿಗೇ ಒಪ್ಪಿಸಿ, ಅದರಲ್ಲೇ ಹುಟ್ಟು ಹಾಕುವ ಆಳಾಗಿ ಸೇರಿಕೊಂಡ. ಉಳಿದ ಇಬ್ಬರು ಮೂವರೂ ತಮ್ಮವನ್ನು ಎಳೆದು ಮನೆಯ ಹಿಂದೆ ಮಗುಚಿದರು. ಅಂಕಯ್ಯನಂಥವನ ದೋಣಿಯೇ ಉಳಿಯದಿದ್ದ ಮೇಲೆ ನಮ್ಮದು ಯಾವ ಲೆಕ್ಕ ಎಂದರು. ದೋಣಿಕಡದಲ್ಲಿ ಮಂಚಯ್ಯನದಲ್ಲದ ದೋಣಿ ಒಂದೂ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಲಿಂಗಯ್ಯ, ದೋಣಿಯಿಲ್ಲದೆ ಆಚೆ ಹೊಲ ಸಾಗುವುದಿಲ್ಲ, ಬೀಗರಾಗುವವರಿಗೇ ವಾರಕ್ಕೆ ಕೊಟ್ಟರೆ ಅವರ ಆಳುಗಳು ನೋಡಿಕೊಳ್ಳುತ್ತಾರೆ, ಬೆಳೆದದ್ದರಲ್ಲಿ ಅರ್ಧ ನಮಗೆ ಬರುತ್ತದೆ ಎಂದ. ಅಪ್ಪ ಉತ್ತ ಹೊಲ ಅದು. ಅಂಕಯ್ಯ ಮಸೆಯುತ್ತಿದ್ದ ಕತ್ತಿಯನ್ನು ಕೆಳಗಿಟ್ಟ.

"ನಾನೇನ್ ಯೋಳ್ಲಣ್ಣ. ಕಳ್ದೋನು ನಾನು," ಎಂದ.

ಹೊಲ ಮಂಚಯ್ಯನ ಕೈಗೆ ಹೋಯಿತು.

ಶ್ರಾವಣ ಬಂತು. ಮನೆಗೆ ಸುಣ್ಣ ಬಳಿದರು, ಚಪ್ಪರಕ್ಕೆ ಗಳ ಕಡಿದು ತಂದರು. ಆ ಕಡೆಯ ಪದ್ಧತಿಯಂತೆ ಮದುವೆ ಗಂಡಿನ ಮನೆಯಲ್ಲೇ, ಆದರೂ ಹೆಣ್ಣಿನ ಮನೆಯ ಶಾಸ್ತ್ರಗಳು ಇರುತ್ತವೆ. ಅದಕ್ಕೆ ಬೇಕಾದ ಮಡಕೆಗಳನ್ನು ತರಲು ಸುಂದ್ರಮ್ಮ ಮೇಲಿನ ಊರಿನ ಆಚೆಗಿದ್ದ ಕುಂಬಾರರ ಹಟ್ಟಿಗೆ ಹೊರಟಳು. ಮಂಚಯ್ಯನ ದೋಣಿ ಅವಳನ್ನು ಮೇಲಿನ ಕಡದಲ್ಲಿ ಇಳಿಸಿತು. ಅಲ್ಲಿ ಸಾಲಾಗಿ ಕಟ್ಟಿದ್ದ ದೋಣಿಗಳಲ್ಲಿ ಕೊನೆಯದಕ್ಕೆ ಹೊಸದಾಗಿ ಡಾಂಬರು ಬಳಿದಿದ್ದರು. ಕೂರುವ ಅಡ್ಡಹಲಗೆಯೂ ಹೊಸದು. ಸುಂದ್ರಮ್ಮ ಮುಂದಕ್ಕೆ ಹೋದವಳು ತಿರುಗಿ ಬಂದಳು. ಸೀರೆ ಎತ್ತಿ ಕಟ್ಟಿ, ನೀರಿಗಿಳಿದು, ದೋಣಿಯೊಳಕ್ಕೆ ಬಗ್ಗಿದಳು. ತಳದಲ್ಲಿ ತಗಡಿನ ತೇಪೆ ಇತ್ತು. ಗಂಡ ಮೊಳೆ ಬಡಿಯುವಾಗ ಅದನ್ನು ಒತ್ತಿ ಹಿಡಿದವಳು ಅವಳೇ.

ಪಕ್ಕದ ದೋಣಿಯಲ್ಲಿ ಬೀಡಿ ಸೇದುತ್ತಿದ್ದ ಅಂಬಿಗನನ್ನು ಇದು ಯಾರ ದೋಣಿ ಎಂದು ಕೇಳಿದಳು. ಅವನಿಗೆ ಮುಚ್ಚಿಡುವಂಥದ್ದು ಏನೂ ಗೊತ್ತಿರಲಿಲ್ಲ.

"ಕೆಳಗ್ಲೂರಿನ ಲಿಂಗಯ್ಯನೋರು ತಂದು ಬುಟ್ಟೋದ್ರಲ್ಲವ್ವ, ಆಷಾಢ ಹುಟ್ದಾಗ. ಬೀಗರಿಗೆ ಅಂತ. ಮಳೇಲಿ ಒಬ್ರೇ ಹುಟ್ಟು ಆಕ್ಕೊಂಡು ಬಂದ್ರು, ಪಾಪ."

ಸುಂದ್ರಮ್ಮ ಮಡಕೆ ತರಲಿಲ್ಲ. ದೋಣಿಯನ್ನೂ ಹತ್ತಲಿಲ್ಲ. ದಡದ ಮೇಲೇ ನಡೆದುಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದಳು. ಲಿಂಗಯ್ಯ ಉಂಡು ಮುಗಿಸುತ್ತಿದ್ದ, ಅಂಕಯ್ಯ ಬಾಗಿಲ ಹತ್ತಿರ ಉಣ್ಣಲು ಕೂತಿದ್ದ. ಬರಿಗೈಯಲ್ಲಿ ಬಂದವಳನ್ನು ಕಂಡು ಮಡಕೆ ಎಲ್ಲಿ ಎಂದು ಚಿಕ್ಕಬೀರಮ್ಮ ಕೇಳಿದಳು. ಸುಂದ್ರಮ್ಮ ಭಾವನ ಎದುರು ನಿಂತು ಯಾವತ್ತೂ ಮಾತಾಡಿದವಳಲ್ಲ. ಆಗಲೂ ಅತ್ತೆಯ ಕಡೆಗೇ ತಿರುಗಿ ಹೇಳಿದಳು.

"ಅತ್ತೆ, ನಮ್ಮ ದೋಣಿ ಸಿಕ್ತು. ಮೇಲಿನ ಕಡದಲ್ಲಿ ಅದೆ. ಭಾವನೋರೇ ಕೊಂಡೋಗಿ ಬುಟ್ರಂತೆ. ಹೌದಾ ಅಂತ ಕೇಳಿ."

ಲಿಂಗಯ್ಯ ಮೊದಲು, ಒಂದರಂತೆ ಒಂದು ದೋಣಿ ಇರುವುದಿಲ್ಲವೇ, ಹೆಂಗಸರಿಗೆ ಏನು ಗೊತ್ತು ಎಂದ. ತೇಪೆಯ ಮಾತು ಬಂದಾಗ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. ಅಂಕಯ್ಯ ಎದ್ದು ನಿಂತಿದ್ದ. ಅವನ ಕೈಯಲ್ಲಿ ಮುದ್ದೆ ಹಾಗೇ ಇತ್ತು.

"ಅಣ್ಣ, ಯೋಳು."

"ಏನ್ ಯೋಳ್ಲಿ? ಮಗಳ ಬಾಳು ನೋಡ್ಬೇಕಿತ್ತು, ನೋಡ್ದೆ," ಎಂದ ಲಿಂಗಯ್ಯ. ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಮಂಚಯ್ಯ ಹೆಣ್ಣು ಕೇಳಿದಾಗ ಬೇರೆ ಏನನ್ನೂ ಬೇಡಿರಲಿಲ್ಲ. ಕಡದಲ್ಲಿ ಅಂಕಯ್ಯನ ದೋಣಿ ಇರಬಾರದು, ಅಷ್ಟೇ. ಅದನ್ನು ಕೊಟ್ಟೆವೆಂದೂ ಹೇಳಬಾರದು, ಕೊಚ್ಚಿಕೊಂಡು ಹೋಯಿತೆಂದೇ ಆಗಬೇಕು, ಆಗ ಮಿಕ್ಕವರೂ ಹೆದರಿ ತಮ್ಮವನ್ನು ಎತ್ತುತ್ತಾರೆ ಎಂದಿದ್ದ.

"ನನ್ನ ಒಂದು ಮಾತು ಕೇಳಿದ್ರೆ ಕೊಡ್ತಿರ್ಲಿಲ್ವಾ? ಪುಟ್ಟಿಗಿಂತ ಎಚ್ಚಾ ನಂಗೆ ದೋಣಿ?" ಎಂದ ಅಂಕಯ್ಯ.

"ನೀನು ಕೊಡ್ತಿದ್ದೆ. ಸುಳ್ಳು ಯೋಳ್ತಿರ್ಲಿಲ್ಲ," ಎಂದ ಲಿಂಗಯ್ಯ. "ಸಣ್ಣಬೀರಯ್ಯ ಕೇಳಿದ್ ತಕ್ಷಣ ಎಲ್ಲ ಒಪ್ಪಿಸ್ಬುಡ್ತಿದ್ದೆ. ಅದಕ್ಕೇ ನಿಂಗೆ ಯೋಳ್ಲಿಲ್ಲ."

ಚಿಕ್ಕಬೀರಮ್ಮ ಒಲೆಯ ಕಡೆ ತಿರುಗಿ ಬೆಂಕಿ ಸರಿಮಾಡುತ್ತಿದ್ದಳು. ಅಂಕಯ್ಯ ಅವ್ವನ ಕಡೆ ನೋಡಿದ. ಅವಳಾದರೂ ಅಣ್ಣನಿಗೆ ಎರಡು ಮಾತು ಬೈಯುತ್ತಾಳೆಂದು ಕಾದವನ ಹಾಗೆ ನೋಡಿದ. ತಿಮ್ಮಮ್ಮ ಗೋಡೆಗೆ ಒರಗಿ ಕೂತಿದ್ದಳು.

"ಅವನ್ನ ಒಬ್ಬನ್ನೇ ಯಾಕೆ ಅಂತೀಯ," ಎಂದಳು. "ನಿನ್ನ ಬಿಳಿಕೆರೆಗೆ ಕಳ್ಸು ಅಂದೋಳೇ ನಾನು."

ತಿಮ್ಮಮ್ಮನೇ ಮುಂದುವರಿಸಿದಳು. ಅಂಕಯ್ಯನಿಗೆ ಮಕ್ಕಳಿಲ್ಲ ಮರಿಯಿಲ್ಲ, ನಾಲ್ಕು ದಿನ ಊರವರು ನಕ್ಕರೆ ಏನಾಯಿತು, ಗಂಡಸು ತಡೆದುಕೊಳ್ಳುತ್ತಾನೆ ಎಂದುಕೊಂಡೆ. ಹುಡುಗಿಗೆ ಅಂಥ ಮನೆ ಮತ್ತೆ ಸಿಗುತ್ತಿರಲಿಲ್ಲ ಎಂದಳು. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ, ಅಳುವೂ ಇರಲಿಲ್ಲ.

"ದೋಣಿ ಓದ್ರೆ ಓಗ್ಲಿ ಕಣವ್ವ," ಎಂದ ಅಂಕಯ್ಯ. "ದಿನಾ ನಿನ್ನ ಮುಂದ್ಗಡೆನೇ ಕೂತು ಉಣ್ತಿದ್ನಲ್ಲ. ನಾನೇ ಕಳ್ದೆ, ನಾನೇ ಕಳ್ದೆ ಅಂತ ಎಲ್ಲರ ಕೈಲೂ ಅನ್ನಿಸ್ಕೊಂಡು ಉಣ್ತಿದ್ದೆ. ಒಂದು ದಿನಾನಾರೂ ನಿಂಗೆ ಯೋಳ್ಬೇಕು ಅನ್ನಿಸ್ಲಿಲ್ವಾ?"

ತಿಮ್ಮಮ್ಮ ಸೆರಗು ಸರಿಮಾಡಿಕೊಂಡಳು.

ಒಳಮನೆಯ ಕತ್ತಲಲ್ಲಿ ಅರಿಸಿನ ಹಚ್ಚಿಕೊಂಡು ಕೂತಿದ್ದ ಪುಟ್ಟಮಾದಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೆಳಿಗ್ಗೆ ಅವಳು ಕೊಟ್ಟಿಗೆಗೆ ಬಂದು ಚಿಕ್ಕಪ್ಪನ ಮುಂದೆ ಅತ್ತಳು. ತನಗೆ ಈ ಮದುವೆ ಬೇಡ, ತಾನೇ ಹೋಗಿ ಹೇಳುತ್ತೇನೆ ಎಂದಳು. ಅಂಕಯ್ಯ ಸಗಣಿ ಬಾಚುತ್ತಿದ್ದವನು ಕೈ ತೊಳೆದುಕೊಂಡು ಬಂದ.

"ಹುಡುಗ ಏನು ಮಾಡ್ದ, ಪಾಪ? ನಿಂಗೆ ಅವನು ಬೇಕೋ ಬ್ಯಾಡ್ವೋ?"

ಅವಳು ತಲೆ ಬಗ್ಗಿಸಿದಳು.

"ಅಂಗಾರೆ ಓಗವ್ವ. ನನ್ನ ತಲೆ ಮೇಲೆ ಇನ್ನೊಂದು ಒರೆ ಆಕ್ಬೇಡ."

ಅಣ್ಣನ ಹತ್ತಿರ ಅಂಕಯ್ಯ ಒಂದೇ ಒಂದನ್ನು ಕೇಳಿದ. ದೋಣಿ ವಾಪಸು ಬೇಡ, ಹೊಲದ ಮಾತೂ ಈಗ ಬೇಡ. ನಾನು ಕಳೆಯಲಿಲ್ಲವೆಂದು ಊರವರ ಮುಂದೆ ನೀನೇ ಹೇಳಬೇಕು. ಮದುವೆ ಒಂದು ಆಗಿಹೋಗಲಿ, ಮಾರಿಗುಡಿ ಮುಂದೆ ಹತ್ತು ಜನರನ್ನು ಕೂರಿಸಿ ಹೇಳುತ್ತೇನೆ ಎಂದು ಲಿಂಗಯ್ಯ ಕೈ ಮೇಲೆ ಕೈ ಇಟ್ಟ.

ಮದುವೆಯ ದಿನ ಮಂಚಯ್ಯ ಹೆಣ್ಣಿನ ಕಡೆಯವರಿಗೆ ದೋಣಿಗಳನ್ನು ಕಳಿಸಿದ್ದ. ಮಾವಿನ ಸೊಪ್ಪು ಕಟ್ಟಿ ಅಲಂಕಾರ ಮಾಡಿದ್ದರು. ಡಾಂಬರು ಬಳಿದದ್ದು ಅವುಗಳಲ್ಲಿ ಇರಲಿಲ್ಲ. ಓಲಗದವರು ಹತ್ತಿದರು, ಹೆಂಗಸರು ಮಕ್ಕಳು ಹತ್ತಿದರು. ಅಂಕಯ್ಯ ಸುಂದ್ರಮ್ಮ ಹತ್ತಲಿಲ್ಲ. ಇಬ್ಬರೂ ದಡದ ಕೆಸರಿನಲ್ಲಿ ನಡೆದು, ಧಾರೆಯ ಹೊತ್ತಿಗೆ ಸರಿಯಾಗಿ ಮದುವೆಮನೆ ಮುಟ್ಟಿದರು. ಮೊಣಕಾಲವರೆಗೆ ಕೆಸರು ಹತ್ತಿದ್ದ ಚಿಕ್ಕಪ್ಪನನ್ನು ಹಸೆಮಣೆಯಿಂದ ನೋಡಿದ ಪುಟ್ಟಮಾದಮ್ಮನ ಕಣ್ಣು ತುಂಬಿತು. ಮದುವಣಗಿತ್ತಿಯ ಅಳು ಸಹಜವೆಂದು ಹೆಂಗಸರು ಸಮಾಧಾನ ಮಾಡಿದರು. ಅಂಕಯ್ಯ ಗಂಡು ಹೆಣ್ಣಿನ ತಲೆಯ ಮೇಲೆ ಅಕ್ಕಿ ಹಾಕಿ ಹರಸಿದ. ಪಂಕ್ತಿಗೆ ಕರೆದಾಗ, ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಹೆಂಡತಿಯ ಜೊತೆ ಹಿಂದಿರುಗಿದ.

ಮದುವೆಯಾಗಿ ಹಬ್ಬ ಬಂತು, ಹಬ್ಬ ಹೋಯಿತು. ಲಿಂಗಯ್ಯ ಮಾರಿಗುಡಿಯ ಮುಂದೆ ಯಾರನ್ನೂ ಕೂರಿಸಲಿಲ್ಲ. ಕೇಳಿದರೆ, ಈಗ ಹೇಳಿದರೆ ಹುಡುಗಿಗೆ ಅಲ್ಲಿ ಬಾಳು ಕಷ್ಟ ಎಂದ. ಇನ್ನೊಮ್ಮೆ ಕೇಳಿದಾಗ, ಜನ ಆಗಲೇ ಮರೆತಿದ್ದಾರೆ, ನೀನೇ ಯಾಕೆ ಕೆದಕುತ್ತೀಯ ಎಂದು ರೇಗಿದ. ಚಿಕ್ಕಬೀರಮ್ಮ ಆಡಿಕೊಳ್ಳುವುದನ್ನು ನಿಲ್ಲಿಸಿದ್ದಳು. ಮುದ್ದೆಯನ್ನು ಮೊದಲಿಗಿಂತ ದೊಡ್ಡದಾಗಿ ಕಟ್ಟಿ ಬಡಿಸುತ್ತಿದ್ದಳು. ಅಂಕಯ್ಯ ಅದರಲ್ಲಿ ಅರ್ಧ ಮುರಿದು ಎತ್ತಿಡುತ್ತಿದ್ದ.

ಕೊನೆಗೆ ಅವನೇ ದೋಣಿಕಡಕ್ಕೆ ಹೋಗಿ, ದೋಣಿಯ ನೀರು ಚೆಲ್ಲುತ್ತಿದ್ದ ಸಣ್ಣಬೀರಯ್ಯನ ಪಕ್ಕ ಕೂತ. ಉಳಿದವರು ಏನಾದರೂ ಅಂದುಕೊಳ್ಳಲಿ, ನಿನಗೊಬ್ಬನಿಗೆ ಗೊತ್ತಿರಲಿ ಎಂದು ನಡೆದದ್ದನ್ನೆಲ್ಲ ಹೇಳಿದ. ಸಣ್ಣಬೀರಯ್ಯ ಡಬ್ಬವನ್ನು ಕೆಳಗಿಟ್ಟ.

"ನಂಗೆ ಗೊತ್ತಿತ್ತು ಕಣ್ಲಾ," ಎಂದ. "ಅವತ್ತು ನಿಮ್ಮಣ್ಣ ಅಗ್ಗ ಬಿಚ್ಚಿದ್ನ ನಾನೇ ಕಂಡೆ. ಮಳೇಗೆ ಗೋಣಿ ಒದ್ಕೊಂಡು ಆ ಬೇಲಿ ಪಕ್ಕ ನಿಂತಿದ್ದೆ."

ಅಂಕಯ್ಯ ಅವನನ್ನೇ ನೋಡುತ್ತಿದ್ದ.

"ದಡವೆಲ್ಲ ನನ್ನ ಜೊತೇಲಿ ಹುಡುಕ್ದಲ್ಲೋ."

"ಹುಡುಕ್ದೆ. ಏನ್ ಮಾಡ್ಲಿ? ಮನೆ ಯಜಮಾನನೇ ಬಿಚ್ದ ಮೇಲೆ, ನಿಮ್ಮವ್ವನೇ ಬಾಯಿ ಮುಚ್ಕೊಂಡಿದ್ ಮೇಲೆ, ನಾನು ಯಾವೂರ ದಾಸಯ್ಯ? ಒಡಹುಟ್ಟಿದೋನ ದೋಣೀನೇ ಇಂಗೆ ಮಾಡಿದೋರು ನಂದು ಬಿಡ್ತಾರಾ ಅಂತ ಒಪ್ಪಿಸ್ಬುಟ್ಟೆ. ನನ್ನ ಹೆಂಡ್ತಿಗೂ ಗೊತ್ತು. ಊರಲ್ಲಿ ಅರ್ಧ ಜನಕ್ಕೆ ಗೊತ್ತು."

ಆಚೆ ದಡದಿಂದ ಯಾರೋ ದೋಣಿ ಕರೆದರು. ಸಣ್ಣಬೀರಯ್ಯ ಎದ್ದು ಹುಟ್ಟು ತೆಗೆದುಕೊಂಡ. ಬರುತ್ತೀಯಾ, ನಿನ್ನ ಹೊಲದ ಕಡೆ ಬಿಡುತ್ತೇನೆ ಎಂದು ಕೇಳಿದ. ಅಂಕಯ್ಯ ತಲೆಯಾಡಿಸಿ, ಪಂಚೆಯ ಮರಳು ಕೊಡವಿಕೊಂಡು ಮನೆಯ ದಾರಿ ಹಿಡಿದ.

ಅದೇ ವಾರ ಅಂಕಯ್ಯ ಬೇರೆಯಾದ. ಜಗಳವಾಡಲಿಲ್ಲ, ಪಾಲು ಎಂದು ಪಂಚಾಯಿತಿ ಕೂರಿಸಲಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ ಗೋಡೆಗೆ ತಾಗಿಸಿ ಕಟ್ಟಿ ಸೌದೆ ಹಾಕುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಸೋಗೆ ಹೊದಿಸಿ, ನೆಲ ಸಾರಿಸಿಕೊಂಡರು. ಸುಂದ್ರಮ್ಮ ಮೂರು ಕಲ್ಲು ಜೋಡಿಸಿ ಒಲೆ ಹೂಡಿದಳು. ಲಿಂಗಯ್ಯ ಜಗಲಿಯ ಮೇಲಿಂದ, ಊರವರು ಏನೆಂದುಕೊಳ್ಳುತ್ತಾರೆ ಎಂದು ಕೇಳಿದ. ಅಂಕಯ್ಯ ಸೋಗೆಯ ಇನ್ನೊಂದು ಕಟ್ಟು ಬಿಗಿದ. ಮರುದಿನದಿಂದ ಅವನು ಬೇರೆಯವರ ಗದ್ದೆಗೆ ಕೂಲಿಗೆ ಹೋಗತೊಡಗಿದ.

ಬೇರೆ ಒಲೆ ಹೂಡಿದ ಕೆಲವು ದಿನಗಳಿಗೆ, ಒಂದು ಮಧ್ಯಾಹ್ನ, ತಿಮ್ಮಮ್ಮ ಬಟ್ಟಲಲ್ಲಿ ಸಾರು ಹಿಡಿದುಕೊಂಡು ಅಂಗಳ ದಾಟಿ ಬಂದಳು. ಅವರೆಕಾಳು ಹಿಸುಕಿ ಮಾಡಿದ್ದು, ಅಂಕಯ್ಯನಿಗೆ ಇಷ್ಟದ್ದು. ಸುಂದ್ರಮ್ಮ ಆಗತಾನೇ ಮುದ್ದೆ ಕಟ್ಟಿ ಇಳಿಸಿದ್ದಳು. ಅತ್ತೆಯನ್ನು ಕಂಡು ಎದ್ದು ನಿಂತಳು. ತಿಮ್ಮಮ್ಮ ಬಟ್ಟಲನ್ನು ಮಗನ ಮುಂದೆ ಚಾಚಿದಳು. ಬಿಸಿಯಾಗಿದೆ, ಮುದ್ದೆಗೆ ಹಾಕಿಕೋ ಎಂದಳು.

ಅಂಕಯ್ಯ ಬಟ್ಟಲನ್ನು ತೆಗೆದುಕೊಳ್ಳಲಿಲ್ಲ. ಎದ್ದು ತನ್ನ ಮಣೆಯನ್ನು ಒರೆಸಿ ಅವಳಿಗೆ ಹಾಕಿದ. ಇನ್ನೊಂದು ಎಲೆ ತರುವಂತೆ ಹೆಂಡತಿಗೆ ಹೇಳಿದ.

"ಬನ್ನಿ, ಕೂತ್ಕೊಳಿ," ಎಂದ. "ನಮ್ಮನೇಲಿ ಉಂಡ್ಬುಟ್ಟೇ ಓಗಿ."

ತಿಮ್ಮಮ್ಮ ಬಟ್ಟಲನ್ನು ನೆಲಕ್ಕಿಟ್ಟಳು. ಸೊಸೆಯರು ಅವಳನ್ನು ಬನ್ನಿ ಎಂದು ಕರೆಯುತ್ತಿದ್ದರು, ಊರ ಕಿರಿಯರು ಕರೆಯುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿದವರು ಕರೆದಿರಲಿಲ್ಲ. ಅವಳು ಮಗನ ಮುಖವನ್ನು ನೋಡಿದಳು. ಅವನು ನೆಂಟರು ಬಂದಾಗ ಮಾಡುವ ಹಾಗೆ ಕೈಗೆ ನೀರು ಕೊಡಲು ಚೊಂಬು ಹಿಡಿದು ನಿಂತಿದ್ದ.

ತಿಮ್ಮಮ್ಮ ಕೈ ತೊಳೆದುಕೊಂಡು ಮಣೆಯ ಮೇಲೆ ಕೂತಳು. ಸುಂದ್ರಮ್ಮ ಬಡಿಸಿದಳು.